ಆ ಲಾರಿ ಇನ್ನೂ ಬರ್ತಾ ಇದೆ

ಎಲ್ಲರಿಗೂ ನಮಸ್ಕಾರ.

ನನಗಿಂತ ಮೊದಲು ಮಾತಾಡಿದವರು ಚೆನ್ನಾಗಿ ಮಾತಾಡಿದರು. ಆದರೆ ಒಂದು ಮಾತು ನನ್ನನ್ನು ಕುಟುಕಿತು. "ಆದದ್ದೆಲ್ಲಾ ಮರೆತುಬಿಡಬೇಕು" ಅಂದರು. ಚಪ್ಪಾಳೆಯೂ ಬಿತ್ತು. ನಾನೂ ತಟ್ಟಿದೆ, ಸಭೆಯ ಮರ್ಯಾದೆ ಅಲ್ವಾ? ಆದರೆ ಮರೆಯುವುದು ಅಷ್ಟು ಸುಲಭವಾಗಿದ್ದರೆ ನನ್ನಂಥ ಚಿಕಿತ್ಸಕರಿಗೆ ಕೆಲಸವೇ ಇರುತ್ತಿರಲಿಲ್ಲ.

ನಾನು ವ್ಯಾಕರಣದಿಂದ ಶುರು ಮಾಡುತ್ತೇನೆ. ಗಾಬರಿಯಾಗಬೇಡಿ, ಸಂಧಿ ಸಮಾಸ ಕೇಳುವುದಿಲ್ಲ. ದೊಡ್ಡ ಅಪಘಾತದಲ್ಲಿ ಉಳಿದುಕೊಂಡ ಒಬ್ಬರು ಅದನ್ನು ಹೇಳುತ್ತಿದ್ದಾರೆ ಅಂದುಕೊಳ್ಳಿ. ಆಗಿ ಮೂರು ವರ್ಷವಾಗಿದೆ. "ಸಂಜೆ ಹೊರಟೆವು, ಮಳೆ ನಿಂತಿತ್ತು, ತಮ್ಮ ಹಿಂದೆ ಕೂತಿದ್ದ." ಇಲ್ಲಿಯವರೆಗೆ ಎಲ್ಲ ಭೂತಕಾಲ. ಆಮೇಲೆ ದನಿ ಇಳಿಯುತ್ತದೆ. "ಎದುರಿಗೆ ಲಾರಿ ಬರ್ತಾ ಇದೆ. ಲೈಟು ಕಣ್ಣಿಗೆ ಹೊಡೀತಾ ಇದೆ. ಬ್ರೇಕು ಹಿಡೀತಾ ಇಲ್ಲ." ಗಮನಿಸಿದಿರಾ? ಬರ್ತಾ ಇದೆ! ಆ ಲಾರಿ ಮೂರು ವರ್ಷದಿಂದ ಬರುತ್ತಲೇ ಇದೆ. ಕುರ್ಚಿಯಲ್ಲಿ ಕೂತವರ ಬಲಗಾಲು, ಅಲ್ಲಿ ಇಲ್ಲವೇ ಇಲ್ಲದ ಬ್ರೇಕನ್ನು ಒತ್ತುತ್ತಿರುತ್ತದೆ. ಅವರಿಗೆ ಹೋಗಿ "ಮರೆತುಬಿಡಿ" ಅಂದರೆ ಏನು ಹೇಳಿದ ಹಾಗಾಯಿತು? ಎದುರಿಗೆ ಬರುತ್ತಿರುವ ಲಾರಿಯನ್ನು ಯಾರಾದರೂ ಮರೆಯುತ್ತಾರಾ?

ನಾವು ಮಾಡಬೇಕಾದ್ದು ಮರೆಸುವುದಲ್ಲ. ಆ 'ಇದೆ'ಯನ್ನು 'ಇತ್ತು' ಮಾಡುವುದು. ಇವತ್ತು ಈ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ, ಸಹಿಸಿಕೊಳ್ಳಿ.

ಅದಕ್ಕೆ ಇರುವ ದಾರಿಗಳಲ್ಲಿ ಒಂದು ಇ.ಎಂ.ಡಿ.ಆರ್. ಪೂರ್ತಿ ಹೆಸರು ಐ ಮೂವ್‌ಮೆಂಟ್ ಡೀಸೆನ್ಸಿಟೈಸೇಶನ್ ಅಂಡ್ ರೀಪ್ರೊಸೆಸಿಂಗ್. ಹೆಸರಿಟ್ಟವರಿಗೆ ನಮ್ಮ ನಾಲಿಗೆಯ ಮೇಲೆ ಏನು ಸಿಟ್ಟಿತ್ತೋ. ಕಣ್ಣಾಡಿಸುವ ಚಿಕಿತ್ಸೆ ಅನ್ನೋಣ.

ಇದರ ಕತೆ 1987ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಪಾರ್ಕಿನಲ್ಲಿ ಶುರುವಾಗುತ್ತದೆ. ಫ್ರಾನ್ಸಿನ್ ಶಪಿರೋ ಆಗ ಮನಶ್ಶಾಸ್ತ್ರದ ವಿದ್ಯಾರ್ಥಿನಿ. ಏನೋ ಕೊರೆಯುವ ಯೋಚನೆಗಳನ್ನು ತಲೆಯಲ್ಲಿಟ್ಟುಕೊಂಡು ನಡೆಯುತ್ತಿದ್ದರು. ಸ್ವಲ್ಪ ಹೊತ್ತಿಗೆ ಆ ಯೋಚನೆಗಳ ಮೊನೆ ಮೊಂಡಾದ ಹಾಗೆ ಅನಿಸಿತು. ಯಾಕೆ ಅಂತ ನೋಡಿಕೊಂಡರೆ, ಕಣ್ಣು ತಾನಾಗಿ ಆ ಕಡೆ ಈ ಕಡೆ ಚಕಚಕನೆ ಓಡಾಡುತ್ತಿತ್ತು. ಅಲ್ಲಿಂದ ಪ್ರಯೋಗ ಶುರು. 1989ರಲ್ಲಿ 22 ಜನರ ಮೇಲೆ ಮಾಡಿದ ಅಧ್ಯಯನ ಪ್ರಕಟವಾಯಿತು. ನಾನೂ ಇಪ್ಪತ್ತು ವರ್ಷದಿಂದ ಪಾರ್ಕಿನಲ್ಲಿ ನಡೆಯುತ್ತಿದ್ದೇನೆ. ಸವೆದದ್ದು ಚಪ್ಪಲಿ ಮಾತ್ರ.

ಮಾಡುವುದು ಹೇಗೆ ಅಂತ ಕೇಳುತ್ತೀರಿ. ಒಟ್ಟು ಎಂಟು ಹಂತ. ಎಂಟನ್ನೂ ಹೇಳುತ್ತಾ ಹೋದರೆ ನೀವು ಕಣ್ಣಾಡಿಸುವುದಲ್ಲ, ಕಣ್ಣು ಮುಚ್ಚುತ್ತೀರಿ. ನಾನು ಕಲಿಯುವಾಗ ಆದ ಒಂದು ಪ್ರಸಂಗ ಹೇಳಿಬಿಡುತ್ತೇನೆ, ಮುಖ್ಯವಾದದ್ದೆಲ್ಲ ಅದರಲ್ಲೇ ಬರುತ್ತದೆ.

ತರಬೇತಿಯಲ್ಲಿ ನಮ್ಮನ್ನು ಜೋಡಿ ಮಾಡಿ ಕೂರಿಸಿದರು. ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡಬೇಕು. "ದೊಡ್ಡ ನೋವು ಬೇಡ, ಸಣ್ಣ ಕಿರಿಕಿರಿ ಆರಿಸಿಕೊಳ್ಳಿ" ಅಂದರು. ನಾನು ಆರಿಸಿದ್ದು ಆರನೇ ಕ್ಲಾಸಿನ ಭಾಷಣ ಸ್ಪರ್ಧೆ. ಮೈಕಿನ ಮುಂದೆ ನಿಂತೆ, ಮೊದಲ ಸಾಲು ಹೇಳಿದೆ, ಎರಡನೆಯದು ಬರಲೇ ಇಲ್ಲ. ಅಷ್ಟೇ ಕತೆ. ಎದುರಿಗೆ ಕೂತಿದ್ದ ಸಹಪಾಠಿ ಕೇಳಿದರು, ಯಾವ ಚಿತ್ರ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತೆ? ಮುಂದಿನ ಸಾಲಿನಲ್ಲಿ ನಗುತ್ತಿದ್ದ ಬಾಯಿಗಳು, ಅಂದೆ. ಆಗ ನಿಮ್ಮ ಬಗ್ಗೆ ನಿಮಗೆ ಏನನಿಸುತ್ತೆ? "ನಾನು ದಡ್ಡ." ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಸಂಕಟ? ಸುಮ್ನೆ ನಾಲ್ಕು ಅಂದೆ. ಮೈಯಲ್ಲಿ ಎಲ್ಲಿ? ಕಿವಿಯಲ್ಲಿ. ಬಿಸಿ.

ಆಮೇಲೆ ಎರಡು ಬೆರಳು ಎತ್ತಿ ಎಡಕ್ಕೆ ಬಲಕ್ಕೆ ಆಡಿಸತೊಡಗಿದರು. ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಬೇಕು. ಸುಮಾರು ಅರ್ಧ ನಿಮಿಷ. ನಿಲ್ಲಿಸಿ, ಉಸಿರು ಬಿಡಿ ಅಂದು, "ಈಗೇನು ಬಂತು?" ಅಂತ ಕೇಳುತ್ತಾರೆ. ಉತ್ತರ ಏನೇ ಇರಲಿ, ಉಪದೇಶವಿಲ್ಲ. "ಹೂಂ, ಅದರ ಜೊತೆಗೇ ಇರಿ" ಅಂತ ಮತ್ತೆ ಬೆರಳು. ಎರಡನೇ ಸುತ್ತಿಗೆ ನನ್ನ ನಾಲ್ಕು ಏಳಾಯಿತು! ಸಣ್ಣ ನೆನಪು ಅಂತ ಆರಿಸಿದ ಜಾಣ ನಾನು. ಮೈಕಿನ ಕಬ್ಬಿಣದ ವಾಸನೆ ಬಂತು. ಗಂಟಲು ಒಣಗಿತು. ಇನ್ನೊಂದು ಸುತ್ತಿಗೆ ಆ ನಗುವ ಬಾಯಿಗಳು ದೂರ ಸರಿದವು, ಹಳೆಯ ಫೋಟೋದ ಹಾಗೆ ಮಂಕಾದವು. ಅದರ ಮುಂದಿನ ಸುತ್ತಿನಲ್ಲಿ ಎಲ್ಲಿಂದಲೋ ಒಂದು ಹೊಸ ಚಿತ್ರ ಬಂತು. ನನ್ನ ನಂತರ ಬಂದ ಹುಡುಗ! ಅವನೂ ಮರೆತು ನಿಂತಿದ್ದ. ನಾನು ಅವನನ್ನು ನೋಡಿ ನಕ್ಕಿದ್ದೆ. ಕೂತಲ್ಲೇ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕೊನೆಗೆ ಸಂಕಟ ಒಂದಕ್ಕೆ ಇಳಿಯಿತು. ಸಹಪಾಠಿ ಭುಜ ಒತ್ತಿಕೊಳ್ಳುತ್ತಾ, "ನಿಮ್ಮದು ಇಳೀತು, ನನ್ನ ಭುಜದ್ದು ಈಗ ಎಂಟು" ಅಂದರು.

ಇಲ್ಲಿ ಎರಡು ಮಾತು. ನನ್ನದು ಸೊಳ್ಳೆ ಕಡಿತ. ಯುದ್ಧ, ಅತ್ಯಾಚಾರ ದಾಟಿ ಬಂದವರ ನೋವಿನ ಪಕ್ಕದಲ್ಲಿ ಇದನ್ನು ಇಡಬಾರದು. ಇನ್ನೊಂದು, ಆ ಹುಡುಗ ನಿಜಕ್ಕೂ ಮರೆತಿದ್ದನಾ? ಕೋರ್ಟಿನಲ್ಲಿ ಪ್ರಮಾಣ ಮಾಡಲಾರೆ. ಚಿಕಿತ್ಸೆಯಲ್ಲಿ ಹೊಸದಾಗಿ ಮೇಲೆ ಬಂದದ್ದೆಲ್ಲ ನಡೆದದ್ದೇ ಅಂತ ತಿಳಿಯಬಾರದು. ಇದು ಸಾಕ್ಷಿ ಹುಡುಕುವ ಕೆಲಸವಲ್ಲ. 'ಇದೆ'ಯನ್ನು 'ಇತ್ತು' ಮಾಡುವ ಕೆಲಸ. ನೋಡಿ, ಮತ್ತೆ ಹೇಳಿದೆ.

ಅಂದಹಾಗೆ ಇದು ಹಿಪ್ನಾಟಿಸಂ ಅಲ್ಲ. ಪೂರ್ತಿ ಎಚ್ಚರ ಇರುತ್ತದೆ. ಸಾಕು ಅನಿಸಿದರೆ ಕೈ ಎತ್ತಿ ನಿಲ್ಲಿಸಬಹುದು, ಆ ಸನ್ನೆಯನ್ನು ಮೊದಲೇ ಮಾತಾಡಿಕೊಂಡಿರುತ್ತಾರೆ.

ಬೆರಳಲ್ಲಿ ಏನಿದೆ? ಮಂತ್ರವಿಲ್ಲ. ಹೆಚ್ಚು ಜನ ಒಪ್ಪುವ ವಿವರಣೆ ಹೀಗಿದೆ. ಈ ಕ್ಷಣದ ಕೆಲಸಕ್ಕೆ ಮನಸ್ಸು ಬಳಸುವ ಜಾಗ ತುಂಬಾ ಚಿಕ್ಕದು, ಒಬ್ಬರೇ ನಿಲ್ಲುವ ಅಡುಗೆಮನೆಯ ಹಾಗೆ. ಅಲ್ಲಿ ಭಯದ ಚಿತ್ರವನ್ನೂ ಇಡಬೇಕು, ಬೆರಳನ್ನೂ ಹಿಂಬಾಲಿಸಬೇಕು. ಎರಡಕ್ಕೂ ಜಾಗ ಸಾಲುವುದಿಲ್ಲ. ಚಿತ್ರದ ಬಣ್ಣ ಇಳಿಯುತ್ತದೆ, ಮಸುಕಾದ ರೂಪದಲ್ಲೇ ಅದು ಉಗ್ರಾಣಕ್ಕೆ ವಾಪಸ್ ಹೋಗುತ್ತದೆ. ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ಪರೀಕ್ಷಿಸಿದ್ದಾರೆ. ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡು ದೊಡ್ಡ ಸಂಖ್ಯೆಯಿಂದ ಹಿಂದಕ್ಕೆ ಎಣಿಸುತ್ತಾ ಹೋದರೂ ಅದರ ತೀವ್ರತೆ ಇಳಿಯುತ್ತದೆ. ಅಂದರೆ ಕಣ್ಣೇ ಆಗಬೇಕೆಂದಿಲ್ಲ, ಮನಸ್ಸಿಗೆ ಸಾಕಷ್ಟು ಕೆಲಸ ಇರಬೇಕು.

ಜಗಳವೂ ಇದೆ, ಮುಚ್ಚಿಡುವುದಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಅಳೆದ 2001ರ ವಿಶ್ಲೇಷಣೆಯೊಂದು, ಕಣ್ಣಾಡಿಸುವುದರಿಂದ ಹೆಚ್ಚೇನೂ ಲಾಭವಿಲ್ಲ, ನೆನಪನ್ನು ಎದುರಿಸುವುದೇ ಕೆಲಸ ಮಾಡುತ್ತದೆ ಅಂದಿತು. 2013ರ ಇನ್ನೊಂದು, ಇಲ್ಲ, ಕಣ್ಣಿಗೂ ಪಾಲಿದೆ ಅಂದಿತು. ನನ್ನ ಅಭಿಪ್ರಾಯ ಕೇಳಿದರೆ, ಚಿಕಿತ್ಸೆಯಿಂದ ಗುಣ ಕಾಣುತ್ತದೆ ಅನ್ನುವುದು ಗಟ್ಟಿ, ಯಾಕೆ ಅನ್ನುವುದು ಇನ್ನೂ ಹಸಿ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇದನ್ನು ಮಾನಸಿಕ ಆಘಾತದ ಚಿಕಿತ್ಸೆಗೆ ಶಿಫಾರಸು ಮಾಡಿದೆ. ನನಗೆ ಇಷ್ಟವಾಗುವುದು ಬೇರೆ ಕಾರಣಕ್ಕೆ. ಆದದ್ದನ್ನೆಲ್ಲ ಬಾಯಿಬಿಟ್ಟು ವಿವರವಾಗಿ ಹೇಳಬೇಕಾಗಿಲ್ಲ. ಹೇಳಲಾಗದೆ ವರ್ಷಗಟ್ಟಲೆ ಸುಮ್ಮನಿದ್ದವರಿಗೆ ಅದೆಷ್ಟು ದೊಡ್ಡ...

ಚೀಟಿ ಬಂತು. ಐದು ನಿಮಿಷವಂತೆ. ಇನ್ನೂ ನಾಲ್ಕು ವಿಷಯ ಬರೆದುಕೊಂಡಿದ್ದೆ. ಬೇಗ ಬೇಗ ಹೇಳುತ್ತೇನೆ.

ಮಕ್ಕಳಿಗೂ ಇದು ಆಗುತ್ತದೆ. 1997ರಲ್ಲಿ ಮೆಕ್ಸಿಕೋದ ಅಕಪುಲ್ಕೋಗೆ ಚಂಡಮಾರುತ ಬಡಿದ ಮೇಲೆ, ಲೂಸಿನಾ ಆರ್ಟಿಗಾಸ್ ಎಂಬ ಚಿಕಿತ್ಸಕಿ ಅಲ್ಲಿನ ಮಕ್ಕಳೊಂದಿಗೆ ಕೆಲಸ ಮಾಡುತ್ತಾ ಚಿಟ್ಟೆ ಅಪ್ಪುಗೆ ಕಂಡುಕೊಂಡರು. ಎದೆಯ ಮೇಲೆ ಕೈ ಅಡ್ಡ ಇಟ್ಟು, ಹೀಗೆ, ಕಣ್ಣಾಡಿಸುವ ಬದಲು ಒಮ್ಮೆ ಎಡಗೈ ಒಮ್ಮೆ ಬಲಗೈ ಮೆಲ್ಲಗೆ ತಟ್ಟಿಕೊಳ್ಳುವುದು.

ಎಷ್ಟು ಸಲ ಬರಬೇಕು? ಒಂದೇ ಅಪಘಾತವಾದರೆ ಕೆಲವು ಭೇಟಿಗಳಲ್ಲಿ ಮುಗಿಯಬಹುದು. ಬಾಲ್ಯವಿಡೀ ಹೊಡೆತ ತಿಂದವರಿಗೆ ತಯಾರಿಗೇ ತಿಂಗಳುಗಳು ಬೇಕಾಗಬಹುದು.

ಮೊಬೈಲಿನಲ್ಲಿ ಓಡಾಡುವ ಚುಕ್ಕೆಯ ವಿಡಿಯೋ ಹಾಕಿಕೊಂಡು ಒಬ್ಬರೇ ಇದನ್ನು ಮಾಡಬೇಡಿ. ನನ್ನ ನಾಲ್ಕು ಏಳಾಯಿತು ಅಂದೆನಲ್ಲ, ಆಗ ಎದುರಿಗೆ ಒಬ್ಬರು ಇದ್ದರು. ತರಬೇತಿ ಪಡೆದವರ ಹತ್ತಿರವೇ ಹೋಗಿ.

ನಾಲ್ಕನೆಯದು ಮರೆತುಹೋಯಿತು. ಮೈಕಿನ ಮುಂದೆ, ಮತ್ತೆ! ಆದರೆ ಈ ಸಲ ಕಿವಿ ತಣ್ಣಗಿದೆ.

ಪ್ರಶ್ನೆ ಇದ್ದವರು ಕೈ ಎತ್ತಿ. ಬೆರಳು ಮಾತ್ರ ಆಡಿಸಬೇಡಿ, ಅಭ್ಯಾಸಬಲ, ನನ್ನ ಕಣ್ಣು ಹಿಂದೆಯೇ ಬಂದುಬಿಡುತ್ತದೆ.