ಕಿವಿಗೆ ಕೇಳದ ಚಿಹ್ನೆ

ಕೇಳುಗರಿಗೆ ನಮಸ್ಕಾರ. ಇಂಗ್ಲಿಷನ್ನು ತಪ್ಪಾಗಿ ಬರೆಯುವವರನ್ನು ಕಂಡರೆ ಮೈಯೆಲ್ಲ ಉರಿಯುವ ಜನ ಎಲ್ಲ ಊರಿನಲ್ಲೂ ಇದ್ದಾರೆ. ಅವರ ಸಿಟ್ಟಿಗೆ ಹೆಚ್ಚಾಗಿ ಗುರಿಯಾಗುವುದು ಅಕ್ಷರದ ನೆತ್ತಿಯ ಪಕ್ಕ ತೂಗಾಡುವ ಒಂದು ಪುಟ್ಟ ಕೊಂಕು, ಅಪಾಸ್ಟ್ರಫಿ. ಬಾನುಲಿಯಲ್ಲಿ ಇದರ ಬಗ್ಗೆ ಮಾತನಾಡುವುದೇ ಪೇಚಿನ ಕೆಲಸ. ನಾನೀಗ ‘ಇಟ್ಸ್’ ಎನ್ನುತ್ತೇನೆ. ಕೊಂಕಿದ್ದರೆ ಅದು ‘ಇಟ್ ಈಸ್’ ಎಂಬುದರ ಮೊಟಕು, ಇಲ್ಲದಿದ್ದರೆ ‘ಅದರ’ ಎಂದರ್ಥ. ಅದರಲ್ಲಿ ಕೊಂಕು ಇತ್ತೋ ಇಲ್ಲವೋ ನೀವು ಹೇಳಲಾರಿರಿ. ಕಾಗದದ ಮೇಲಾದರೆ ಇದೇ ತಪ್ಪಿಗೆ ಕೆಲಸದ ಅರ್ಜಿಗಳು ಕಸದಬುಟ್ಟಿಗೆ ಹೋಗುವುದುಂಟು.

ಈ ಚಿಹ್ನೆ ಇಂಗ್ಲಿಷಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ, ಫ್ರೆಂಚ್ ಮುದ್ರಕರ ಬಳಕೆಯನ್ನು ನೋಡಿ. ಆಗ ಅದಕ್ಕಿದ್ದ ಕೆಲಸ ಒಂದೇ, ಬಿಟ್ಟುಹೋದ ಅಕ್ಷರದ ಜಾಗವನ್ನು ತೋರಿಸುವುದು. ‘ರಾಮನ ಮನೆ’ ಎಂಬಂಥ ಷಷ್ಠೀ ಸಂಬಂಧಕ್ಕೂ ಅದೇ ಚಿಹ್ನೆ ಎಂಬುದು ಗಟ್ಟಿಯಾಗಿದ್ದು ಆಮೇಲೆ. ನಡುವಿನ ಕಾಲದಲ್ಲಿ ಬಲ್ಲವರೂ ತೋಚಿದಂತೆ ಬರೆಯುತ್ತಿದ್ದರು. ಥಾಮಸ್ ಜೆಫರ್ಸನ್ 1776ರಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದಾಗ, ‘ಅದರ ತಳಹದಿ’ ಎಂಬಲ್ಲಿ ಕೊಂಕು ಹಾಕಿಯೇ ‘ಇಟ್ಸ್’ ಎಂದು ಬರೆದರು. ಇವತ್ತು ಶಾಲೆಯ ಹುಡುಗನೊಬ್ಬ ಹಾಗೆ ಬರೆದರೆ ಅಂಕ ಹೋಗುತ್ತದೆ.

ಇಂಗ್ಲೆಂಡಿನ ಲಿಂಕನ್‌ಷೈರ್‌ನಲ್ಲಿ ಬಾಸ್ಟನ್ ಎಂಬ ಊರಿದೆ. ಅಮೆರಿಕದ ಬಾಸ್ಟನ್ನಿಗೆ ಹೆಸರು ಕೊಟ್ಟ ಊರು ಅದು. ಅಲ್ಲಿನ ನಿವೃತ್ತ ಪತ್ರಕರ್ತ ಜಾನ್ ರಿಚರ್ಡ್ಸ್ 2001ರಲ್ಲಿ ಅಪಾಸ್ಟ್ರಫಿ ಸಂರಕ್ಷಣಾ ಸಂಘವನ್ನೇ ಕಟ್ಟಿದರು. ಬಹುವಚನಕ್ಕೆಲ್ಲ ಕೊಂಕು ಹಾಕುವ ತರಕಾರಿ ಅಂಗಡಿಯ ಆಲೂಗಡ್ಡೆ ಫಲಕಗಳು, ಹೋಟೆಲಿನ ಊಟದ ಪಟ್ಟಿಗಳು ಅವರ ಹಗೆಗಳು. ತಪ್ಪು ಮಾಡಿದವರಿಗೆ ಅವರು ಬಹಳ ವಿನಯದಿಂದ ಪತ್ರ ಬರೆಯುತ್ತಿದ್ದರು. ಕೊನೆಗೆ 2019ರಲ್ಲಿ, 96ರ ವಯಸ್ಸಿನಲ್ಲಿ, ಈ ಕಾಲದ ಅಜ್ಞಾನವೂ ಸೋಮಾರಿತನವೂ ಗೆದ್ದವು ಎಂದು ಹೇಳಿ ಸಂಘವನ್ನು ಮುಚ್ಚಿದರು. ಆ ಹಿರಿಯರ ಬಗ್ಗೆ ನನಗೆ ಗೌರವವಿದೆ. ಆದರೆ ಗೆದ್ದದ್ದು ಸೋಮಾರಿತನ ಎಂದು ಒಪ್ಪಲಾರೆ. ಗೆದ್ದದ್ದು ಕಿವಿ.

ಲಂಡನ್ನಿನ ಸುರಂಗ ರೈಲಿನ ಪಿಕ್ಯಾಡಿಲಿ ಮಾರ್ಗದಲ್ಲಿ ‘ಅರ್ಲ್ಸ್ ಕೋರ್ಟ್’ ಆದಮೇಲಿನ ನಿಲ್ದಾಣ ‘ಬ್ಯಾರನ್ಸ್ ಕೋರ್ಟ್’. ಮೊದಲನೆಯದರ ಫಲಕದಲ್ಲಿ ಕೊಂಕು ಇದೆ, ಎರಡನೆಯದರಲ್ಲಿ ಇಲ್ಲ. ರೈಲಿನೊಳಗಿನ ಘೋಷಣೆಯಲ್ಲಿ ಎರಡಕ್ಕೂ ಬಾಲದಲ್ಲಿರುವುದು ಅದೇ ‘ಸ್’. ಇದರಿಂದಾಗಿ ಯಾರೂ ತಪ್ಪು ನಿಲ್ದಾಣದಲ್ಲಿ ಇಳಿಯುವುದಿಲ್ಲ. ನಮ್ಮ ಬೆಂಗಳೂರಿನ ಅಂಗಡಿ ಫಲಕಗಳನ್ನೇ ನೋಡಿ. ಮೆಕ್‌ಡೊನಾಲ್ಡ್ಸ್, ಡೊಮಿನೋಸ್ ಎಂಬ ಹೆಸರುಗಳು ಕನ್ನಡ ಲಿಪಿಗೆ ಬರುವಾಗ ಕೊಂಕನ್ನು ಹೊಸಿಲಿನ ಆಚೆಯೇ ಬಿಟ್ಟು ಬಂದಿವೆ. ಪಿಜ್ಜಾ ತಿನ್ನುವವರ ಸಂಖ್ಯೆಯೇನೂ ಕಡಿಮೆಯಾಗಿಲ್ಲ.

ಆದರೂ ಜನ ಬಿಡುವುದಿಲ್ಲ. ಬರ್ಮಿಂಗ್‌ಹ್ಯಾಮ್ ನಗರಸಭೆ 2009ರಲ್ಲಿ ಬೀದಿ ಫಲಕಗಳಿಗೆ ಕೊಂಕು ಬೇಡ ಎಂದಾಗ ದೊಡ್ಡ ಗದ್ದಲವೆದ್ದಿತು. 2012ರಲ್ಲಿ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿಗಳು ತಮ್ಮ ಹೆಸರಿನಿಂದ ಅದನ್ನು ಕಿತ್ತಾಗ ಮತ್ತೊಮ್ಮೆ. 2024ರಲ್ಲಿ ನಾರ್ತ್ ಯಾರ್ಕ್‌ಷೈರ್ ಆಡಳಿತ ಕಂಪ್ಯೂಟರಿನ ವಿಳಾಸಪಟ್ಟಿಗೆ ತೊಡಕಾಗುತ್ತದೆಂದು ಅದನ್ನು ಕೈಬಿಟ್ಟಾಗ, ಹ್ಯಾರೋಗೇಟ್ ಊರಿನ ಹೊಸ ಬೀದಿ ಫಲಕವೊಂದರ ಮೇಲೆ ಯಾರೋ ಪೆನ್ನಿನಿಂದ ಕೊಂಕು ಎಳೆದು ಹೋದರು. ಅಷ್ಟು ಅಕ್ಕರೆ!

ಕೆಲವು ಸಿಟ್ಟುಗಳಿಗೆ ಇಷ್ಟು ಆಧಾರವೂ ಇಲ್ಲ. ವಾಕ್ಯದ ತುದಿಯಲ್ಲಿ ‘ಇನ್’, ‘ವಿತ್’ನಂಥ ಪ್ರಿಪೊಸಿಷನ್ ಬರಬಾರದು ಎಂದು 1672ರಲ್ಲಿ ತಗಾದೆ ತೆಗೆದವರು ಕವಿ ಜಾನ್ ಡ್ರೈಡನ್. ಆಮೇಲೆ ತಮ್ಮದೇ ಹಳೆಯ ಪ್ರಬಂಧದೊಳಗೆ ಹೊಕ್ಕು ಅಂಥವನ್ನು ಹುಡುಕಿ ತಿದ್ದಿದರು. ಎಣಿಸುವ ವಸ್ತುಗಳು ಕಡಿಮೆ ಎನ್ನಲು ‘ಲೆಸ್’ ಅಲ್ಲ, ‘ಫ್ಯೂಯರ್’ ಎಂಬ ಕಟ್ಟಳೆಯೂ 1770ರಲ್ಲಿ ರಾಬರ್ಟ್ ಬೇಕರ್ ಎಂಬವರು ‘ನನಗೆ ಹೀಗಿದ್ದರೆ ಚೆನ್ನ ಅನಿಸುತ್ತದೆ’ ಎಂಬ ಧಾಟಿಯಲ್ಲಿ ಹೇಳಿದ ಮಾತು. ಅದು ಬೆಳೆದು, ಬ್ರಿಟನ್ನಿನ ಟೆಸ್ಕೋ ಅಂಗಡಿಗಳು 2008ರಲ್ಲಿ ಹಣ ಕಟ್ಟುವ ಸಾಲಿನ ‘ಲೆಸ್’ ಇದ್ದ ಫಲಕವನ್ನೇ ಬದಲಿಸುವಷ್ಟಾಯಿತು. ಇಂಥವಕ್ಕೆ ರಕ್ತದೊತ್ತಡ ಏರಿಸಿಕೊಳ್ಳುವುದು ದಂಡ.

ಅಲ್ಪವಿರಾಮದ ಮಾತು ಬೇರೆ. ಅದು ಕಿವಿಗೆ ಕೇಳುತ್ತದೆ.

ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಎಂಬ ಹಾಲಿನ ಕಂಪನಿ ಇದೆ. ಅದರ ವಾಹನ ಚಾಲಕರು ಓವರ್‌ಟೈಮ್ ಬಾಕಿಗಾಗಿ ದಾವೆ ಹೂಡಿದರು. ಕೆಡುವ ಆಹಾರವನ್ನು ಡಬ್ಬಿಗೆ ತುಂಬುವುದು, ಒಣಗಿಸುವುದು, ದಾಸ್ತಾನು ಮಾಡುವುದು ಮುಂತಾದ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಎಂದು ಆ ರಾಜ್ಯದ ಕಾನೂನು ಹೇಳುತ್ತಿತ್ತು. ಪಟ್ಟಿಯ ಕೊನೆ ಹೀಗಿತ್ತು: ‘ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್’. ಒಂದೇ ಉಸಿರಿಗೆ ಓದಿದರೆ, ಸಾಗಣೆಗಾಗಿ ಅಥವಾ ಹಂಚಿಕೆಗಾಗಿ ಕಟ್ಟುವುದು ಎಂದಾಗುತ್ತದೆ. ‘ಶಿಪ್‌ಮೆಂಟ್’ ಆದಮೇಲೆ ಒಂದು ಗಳಿಗೆ ನಿಂತರೆ, ಸಾಗಣೆಗಾಗಿ ಕಟ್ಟುವುದು ಒಂದು ಕೆಲಸ, ಹಂಚುವುದು ಇನ್ನೊಂದು ಕೆಲಸ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯವೇ ಈ ಜಗಳವನ್ನು ಬಗೆಹರಿಸುತ್ತಿತ್ತು. ಇಂಗ್ಲಿಷಿನಲ್ಲಿ ಆ ಭಾರ ಹೊರಬೇಕಾದದ್ದು ಒಂದು ಅಲ್ಪವಿರಾಮ. ಕಾನೂನಿನಲ್ಲಿ ಅದೇ ಇರಲಿಲ್ಲ.

ಚಾಲಕರು ಹಾಲು ಹಂಚುತ್ತಿದ್ದರೇ ಹೊರತು ಕಟ್ಟುತ್ತಿರಲಿಲ್ಲ. ಮೇಲ್ಮನವಿ ನ್ಯಾಯಾಲಯ 2017ರಲ್ಲಿ, ಕಾನೂನಿನ ಮಾತು ಅಸ್ಪಷ್ಟವಾಗಿದೆ, ಅಸ್ಪಷ್ಟವಾದಾಗ ಅರ್ಥ ದುಡಿಯುವವರ ಕಡೆಗೆ ವಾಲಬೇಕು ಎಂದಿತು. ಮರುವರ್ಷ ಕಂಪನಿ 50 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ತಮಾಷೆ ಇರುವುದು ಮುಂದೆ. ಪಟ್ಟಿಯ ಕೊನೆಯ ಅಂಶಕ್ಕೆ ಮುಂಚೆ ಅಲ್ಪವಿರಾಮ ಹಾಕಬೇಡಿ ಎಂದು ಮೇನ್ ರಾಜ್ಯದಲ್ಲಿ ಕಾನೂನಿನ ಕರಡು ಬರೆಯುವವರಿಗೆ ಕೈಪಿಡಿಯಲ್ಲೇ ಸೂಚನೆಯಿತ್ತು. ತೀರ್ಪು ಬಂದ ಮೇಲೆ ಶಾಸಕರು ಆ ಸಾಲನ್ನು ತಿದ್ದಲು ಕುಳಿತರು. ಲಕ್ಷಗಟ್ಟಲೆ ಡಾಲರಿನ ಆ ಒಂದು ಅಲ್ಪವಿರಾಮವನ್ನು ಮಾತ್ರ ಅವರು ಹಾಕಲಿಲ್ಲ. ಪಟ್ಟಿಯ ಉದ್ದಕ್ಕೂ, ಒಂದೊಂದು ಕೆಲಸಕ್ಕೂ ಒಂದೊಂದು ಅರ್ಧವಿರಾಮ ಜಡಿದು ಎದ್ದುಹೋದರು.

ನಮಸ್ಕಾರ.