ಎಡಗೈ ಅಜ್ಜಿ, ಮೂರು ಮುಕ್ಕಾಲು ಡಾಲರ್ ಗಿಟಾರ್

ನಮಸ್ಕಾರ. ಈ ವಿಡಿಯೋ ತೆಗೆಯುವಾಗ ಅಲ್ಲಿ ನಿಂತು ಮಾತಾಡಿದ್ದೆಲ್ಲ ಗಾಳಿಪಾಲಾಯಿತು. ಮೈಕಿಗೆ ಹಾಕುವ ತುಪ್ಪಳದ ಟೋಪಿ ಮರೆತು ಹೋಗಿದ್ದೆ. ಅದಕ್ಕೇ ಈಗ ಮನೆಯಲ್ಲಿ ಕೂತು ವಾಯ್ಸ್ ಓವರ್.

ಇದು ನಾರ್ತ್ ಕ್ಯಾರೊಲಿನಾದ ಕಾರ್ಬರೋ. ಈ ಸೈಕಲ್ ದಾರಿಯ ಹೆಸರು ಲಿಬ್ಬಾ ಕಾಟನ್ ಬೈಕ್‌ವೇ. ಊರಲ್ಲಿ ಹಳೇ ಹತ್ತಿ ಗಿರಣಿ ಇದೆ, ಈಗ ಮಾಲ್ ಆಗಿದೆ. ಕಾಟನ್ ಅಂದರೆ ಆ ಗಿರಣಿಗೆ ಸೇರಿದ್ದು ಏನೋ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ, ನಗಬೇಡಿ. ಲಿಬ್ಬಾ ಅಂದರೆ ಎಲಿಜಬೆತ್ ಕಾಟನ್ ಅಂತ ಹಾಡುಗಾರ್ತಿ. ಹುಟ್ಟಿದ್ದು 1893ರಲ್ಲಿ. ಮನೆ ಹತ್ತಿರವೇ ರೈಲು ಹಳಿ. ಹನ್ನೊಂದೋ ಹನ್ನೆರಡೋ ವಯಸ್ಸಿಗೆ ಆ ರೈಲಿನ ಮೇಲೇ 'ಫ್ರೈಟ್ ಟ್ರೇನ್' ಹಾಡು ಕಟ್ಟಿದರು. ಆ ವಯಸ್ಸಲ್ಲಿ ನಾನು ಮಗ್ಗಿ ಕಲಿಯುತ್ತಾ ಅಳುತ್ತಿದ್ದೆ.

ಮೊದಲು ಕೈಗೆ ಸಿಕ್ಕಿದ್ದು ಅಣ್ಣನ ಬ್ಯಾಂಜೋ, ಗಿಟಾರಿನಂಥದೇ ತಂತಿವಾದ್ಯ. ಅವನು ಕೆಲಸಕ್ಕೆ ಹೋದಾಗ ಕದ್ದು ನುಡಿಸುವುದು. ಅಣ್ಣ ಮನೆ ಬಿಟ್ಟು ಹೋದ, ಬ್ಯಾಂಜೋವೂ ಹೋಯಿತು. ಆಗ ಈ ಹುಡುಗಿ ಬೇರೆಯವರ ಮನೆಗೆಲಸಕ್ಕೆ ಸೇರಿದಳು. ತಿಂಗಳಿಗೆ 75 ಸೆಂಟ್. ಗಿಟಾರ್ ಬೆಲೆ 3 ಡಾಲರ್ 75 ಸೆಂಟ್. ಲೆಕ್ಕ ಹಾಕಿ. ಒಂದು ಸೆಂಟೂ ಮುಟ್ಟದೆ ಇಟ್ಟರೆ ಸರಿಯಾಗಿ ಐದು ತಿಂಗಳ ಸಂಬಳ.

ಬೆಲೆಯ ಮಾತು ಬಂತಲ್ಲ, ನನ್ನ ಹೊಟ್ಟೆಯುರಿ ಹೇಳಲೇಬೇಕು. ಲಿಬ್ಬಾ ಹಾಗೆ ನಾನೂ ಎಡಚ. ಹೋದ ವಾರ ಒಂದು ಅಂಗಡಿಗೆ ಹೋದೆ. ಗೋಡೆ ತುಂಬಾ ಗಿಟಾರ್. ಎಡಗೈಯವರಿಗೆ ಒಂದೇ ಒಂದು, ಅದೂ ಗುಲಾಬಿ ಬಣ್ಣದ್ದು. ಅದೇ ಮಾಡೆಲ್ ಬಲಗೈಯವರಿಗೆ 299 ಡಾಲರ್, ನನಗೆ 389. ಯಾಕೆ ಅಂದರೆ ಅಂಗಡಿಯವನು ಭುಜ ಕುಣಿಸಿದ. ಮರ ಅದೇ, ತಂತಿ ಆರೇ, ತೊಂಬತ್ತು ಡಾಲರ್ ಯಾತಕ್ಕೆ? ಚಿಕ್ಕವನಿದ್ದಾಗ ಎಡಗೈಯಲ್ಲಿ ತುತ್ತು ಎತ್ತಿದರೆ ಅಜ್ಜಿ ಸೌಟಲ್ಲಿ ತಟ್ಟುತ್ತಿದ್ದಳು. ಅದಾದರೂ ಪುಕ್ಕಟೆ. ಅಜ್ಜಿಯ ಸಾರು ಮಾತ್ರ, ಆಹಾ, ಆ ಹುರಳಿಕಟ್ಟು... ಅಯ್ಯೋ, ಶಾಟ್ ಮುಗಿಯುತ್ತಾ ಬಂತು.

ಲಿಬ್ಬಾ ಏನು ಮಾಡಿದರು ಗೊತ್ತಾ? ತಂತಿ ಬದಲಿಸಲಿಲ್ಲ, ಏನೂ ಇಲ್ಲ. ಬಲಗೈ ಗಿಟಾರನ್ನೇ ತಿರುಗಿಸಿ ಹಿಡಿದರು. ದಪ್ಪ ತಂತಿ ಕೆಳಗೆ, ಸಣ್ಣ ತಂತಿ ಮೇಲೆ. ಎಲ್ಲರೂ ಹೆಬ್ಬೆರಳಲ್ಲಿ ದಪ್ಪ ತಂತಿ ಮೀಟಿದರೆ, ಇವರ ಬೆರಳುಗಳು ಬೇಸ್, ಅಂದರೆ ದಪ್ಪ ತಂತಿಯ ತಗ್ಗು ಸ್ವರ, ಹಿಡಿಯುತ್ತಿದ್ದವು, ರಾಗ ಹೆಬ್ಬೆರಳಿನದು. ಮೊದಲು ಓದಿದಾಗ, ಇದೇನು ಸರ್ಕಸ್, ಕಲಿಸುವವರು ಇಲ್ಲದ್ದಕ್ಕೆ ಹೀಗಾಗಿದೆ ಅಂದುಕೊಂಡಿದ್ದೆ. ಮಾತು ವಾಪಸ್. ಗೆಳೆಯನ ಗಿಟಾರ್ ತಿರುಗಿಸಿ ಒಂದು ಗಂಟೆ ಕೂತೆ. ನೋಡಿ, ಇಲ್ಲಿ ಕಿರುಬೆರಳಲ್ಲಿ ಬೊಬ್ಬೆ. ಬಂದ ಸದ್ದು ಪಾತ್ರೆ ತೊಳೆದ ಹಾಗಿತ್ತು.

ಆಮೇಲಿನ ಕಥೆ ನನಗೆ ಕಷ್ಟ. ಸಣ್ಣ ವಯಸ್ಸಿಗೇ ಮದುವೆ, ಒಬ್ಬಳು ಮಗಳು. ಲೌಕಿಕ ಹಾಡು ಬಿಡು ಅಂತ ಚರ್ಚಿನವರು ಹೇಳಿದರು, ಬಿಟ್ಟೇಬಿಟ್ಟರು. ಹಲವು ದಶಕ ಗಿಟಾರ್ ಮುಟ್ಟಲಿಲ್ಲ. ಮುಂದೆ ವಾಷಿಂಗ್ಟನ್ನಿನ ಒಂದು ದೊಡ್ಡ ಅಂಗಡಿಯಲ್ಲಿ ಕೆಲಸ. ಅಲ್ಲಿ ಒಂದು ಮಗು ತಪ್ಪಿಸಿಕೊಂಡಿತ್ತು. ಇವರು ಹುಡುಕಿ ತಾಯಿಗೆ ಒಪ್ಪಿಸಿದರು. ಮಗು ಪೆಗಿ ಸೀಗರ್, ತಾಯಿ ಸಂಗೀತಗಾರ್ತಿ ರೂತ್ ಕ್ರಾಫರ್ಡ್ ಸೀಗರ್. ಅವರ ಮನೆಗೇ ಕೆಲಸಕ್ಕೆ ಸೇರಿದರು. ಮನೆ ತುಂಬಾ ವಾದ್ಯ. ಮರೆತ ಕೈಗೆ ಒಂದೊಂದೇ ನೆನಪಾಯಿತು.

ಪೆಗಿ ದೊಡ್ಡವಳಾಗಿ 'ಫ್ರೈಟ್ ಟ್ರೇನ್' ಹಾಡನ್ನು ಇಂಗ್ಲೆಂಡಿಗೆ ಒಯ್ದಳು. ಅಲ್ಲಿ ಇಬ್ಬರು ತಮ್ಮದೇ ರಚನೆ ಅಂತ ಹೆಸರು ಹಾಕಿಕೊಂಡರು. 1957ರಲ್ಲಿ ಅದು ಅಲ್ಲಿ ಹಿಟ್. ಹಾಡು ಕಟ್ಟಿದವರು ಇಲ್ಲಿ ಮನೆಗೆಲಸದಲ್ಲಿ. ನಾನಂತೂ ಇದಕ್ಕೆ ಕಳ್ಳತನ ಅಂತಲೇ ಅನ್ನುತ್ತೇನೆ. ಹೆಸರು ವಾಪಸ್ ಸಿಕ್ಕಿತು, ಆದರೆ ಗುದ್ದಾಡಿದ ಮೇಲೆ.

ಪೆಗಿಯ ಅಣ್ಣ ಮೈಕ್ ಸೀಗರ್ ಲಿಬ್ಬಾ ಮನೆಗೆ ಬಂದು ಹಾಡುಗಳನ್ನು ರೆಕಾರ್ಡ್ ಮಾಡಿಕೊಂಡ. 1958ರಲ್ಲಿ ಮೊದಲ ಆಲ್ಬಮ್ ಬಂತು, ಫೋಕ್‌ವೇಸ್ ಕಂಪನಿಯದು. ಆಗ ವಯಸ್ಸು ಅರವತ್ತೈದು. ನಮ್ಮಲ್ಲಿ ಪಿಂಚಣಿ ತಗೊಂಡು ವಾಕಿಂಗ್ ಹೋಗುವ ವಯಸ್ಸು. ಇವರು ಊರೂರು ಸುತ್ತಿ ಕಛೇರಿ ಕೊಟ್ಟರು, ದುಡಿದ ದುಡ್ಡಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಕ್ಯೂಸ್ ಊರಲ್ಲಿ ಸ್ವಂತ ಮನೆ ತಗೊಂಡರು. 1985ರಲ್ಲಿ ಗ್ರ್ಯಾಮಿ. ತೀರಿಕೊಂಡಿದ್ದು 1987ರಲ್ಲಿ.

ಈಗ ಕಾಣುತ್ತಿರುವುದು ಪಕ್ಕದೂರಿನ ಯೂನಿವರ್ಸಿಟಿಯ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಹೊರುವ ಹಳಿ. ರೈಲು ಸಿಗಬಹುದು ಅಂತ ಎರಡು ಗಂಟೆ ಕಾದೆ. ಇಲ್ಲಿ ನೋಡಿ, ಬ್ಯಾಟರಿ ತೆಗೆಯುತ್ತಿದ್ದೇನೆ. ಹಾಂ, ಈಗ ಕೇಳಿಸಿತಾ ಹಾರನ್? ಪರದೆ ಕಪ್ಪಾಗಿದ್ದು ಅದಕ್ಕೇ.