ಬೇಸ್‌ಮೆಂಟಿಗೆ ಬಂದದ್ದು ಯಾವ ನೀರು?

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಜೋರು ಮಳೆ ಬಂದ ಮಾರನೇ ಬೆಳಿಗ್ಗೆ ಬೀದಿಯಲ್ಲಿ ಓಡಾಡಿ ನೋಡಿ. ಎಷ್ಟೋ ಗೇಟುಗಳಿಂದ ದಪ್ಪ ಪೈಪೊಂದು ರಸ್ತೆಗೆ ಚಾಚಿರುತ್ತದೆ. ಕೆಂಪು ನೀರು ದಬದಬ ಬೀಳುತ್ತಿರುತ್ತದೆ. ಬೇಸ್‌ಮೆಂಟ್ ಖಾಲಿ ಮಾಡುತ್ತಿದ್ದಾರೆ. ಮುಂದಿನ ಮಳೆಗೂ ಅದೇ ಪೈಪು, ಅದೇ ಪರದಾಟ.

ನಮ್ಮ ಕಟ್ಟಡದ ಕಥೆಯೂ ಇದೇ ಆಗಿತ್ತು. ಒಳಗೋಡೆಗೆ ದುಬಾರಿ ವಾಟರ್‌ಪ್ರೂಫ್ ಬಣ್ಣ ಬಳಿಸಿದೆವು. ಎರಡನೇ ಮಳೆಗಾಲಕ್ಕೆ ಬಣ್ಣ ಹಪ್ಪಳದ ಹಾಗೆ ಉಬ್ಬಿ ಎದ್ದಿತು. ಬಣ್ಣವನ್ನು ಬೈದದ್ದೇ ಬೈದದ್ದು. ಬಂದದ್ದು ಯಾವ ನೀರು ಅಂತ ಮಾತ್ರ ಒಬ್ಬರೂ ಕೇಳಿರಲಿಲ್ಲ.

ಅದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಮಳೆ ನಿಂತ ಸ್ವಲ್ಪ ಹೊತ್ತಿಗೆ ನೀರು ಏರುವುದೂ ನಿಂತರೆ, ಅದು ರಸ್ತೆಯಿಂದ ರ‍್ಯಾಂಪ್ ಇಳಿದು ಬಂದದ್ದು. ಮಳೆ ನಿಂತು ಎರಡು ದಿನವಾದರೂ ಗೋಡೆಯ ಬುಡ ಜಿನುಗುತ್ತಿದ್ದರೆ ಅದು ಮಣ್ಣಿನ ಒರತೆ. ಬೇಸಿಗೆಯಲ್ಲೂ ಒಂದೇ ಮೂಲೆ ಒದ್ದೆ ಇದ್ದರೆ, ಪಕ್ಕದ ಸಂಪಿನಲ್ಲಿ ಬಿರುಕು ಇದೆಯಾ ನೋಡಿಸಿ.

ರ‍್ಯಾಂಪಿನ ನೀರಿಗೆ ಮದ್ದು ಸುಲಭ. ಗೇಟಿನ ಬಳಿ ರಸ್ತೆಗಿಂತ ಅರ್ಧ ಅಡಿ ಎತ್ತರದ ಉಬ್ಬು. ರ‍್ಯಾಂಪಿನ ಬುಡದಲ್ಲಿ ಅಡ್ಡಕ್ಕೆ ಒಂದು ಕಾಲುವೆ, ಮೇಲೆ ಕಬ್ಬಿಣದ ಜಾಲರಿ. 60 ಚದರ ಮೀಟರಿನ ರ‍್ಯಾಂಪಿನ ಮೇಲೆ ಗಂಟೆಗೆ 50 ಮಿಲಿಮೀಟರ್ ಮಳೆ ಬಿದ್ದರೆ 3,000 ಲೀಟರ್ ನೀರಾಗುತ್ತದೆ. ಕಾಲುವೆ, ಪಂಪು ಅಷ್ಟನ್ನು ತಡೆದುಕೊಳ್ಳಬೇಕು. ಇನ್ನೊಂದು ಮಾತು. ಡಾಂಬರು ಹಾಕಿದಾಗಲೆಲ್ಲ ರಸ್ತೆ ಎರಡು ಬೆರಳು ಮೇಲೇರುತ್ತದೆ, ನಿಮ್ಮ ಉಬ್ಬು ಇದ್ದಲ್ಲೇ ಇರುತ್ತದೆ. ಆಗಾಗ ಅಳೆಯಿರಿ.

ಒರತೆ ಹಾಗಲ್ಲ, ಅದು ಹಟಮಾರಿ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯದರಲ್ಲಿ. ನಿಮ್ಮ ಬಡಾವಣೆ ಮೊದಲು ಏನಾಗಿತ್ತು ಅಂತ ಅಲ್ಲಿನ ಹಳಬರನ್ನು ಕೇಳಿ. ಗೋಡೆಯ ಆಚೆ ಒಂದು ಮೀಟರ್ ಎತ್ತರ ನೀರು ನಿಂತರೆ, ಬುಡದಲ್ಲಿ ಪ್ರತಿ ಚದರ ಮೀಟರಿಗೆ ಒಂದು ಟನ್ ಒತ್ತಡ. ಒಳಗಿನ ಬಣ್ಣ ಅದಕ್ಕೆ ಯಾವ ಲೆಕ್ಕ?

ಮನೆ ಇನ್ನೂ ಕಟ್ಟುತ್ತಿದ್ದೀರಾ? ಹಾಗಾದರೆ ನೀವು ಅದೃಷ್ಟವಂತರು. ಮಣ್ಣು ತುಂಬುವ ಮೊದಲೇ, ಗೋಡೆಯ ಹೊರಗೆ ಪಾಯದ ಮಟ್ಟದಲ್ಲಿ ತೂತಿನ ಪೈಪು ಹಾಕಿಸಿ. ಸುತ್ತ ಜಲ್ಲಿ, ಜಲ್ಲಿಯ ಸುತ್ತ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅಂದರೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ. ಈ ಬಟ್ಟೆಗೆ ಜಿಪುಣತನ ಮಾಡಿದರೆ ಹೂಳು ನುಗ್ಗಿ ಪೈಪು ಕಟ್ಟಿಕೊಳ್ಳುತ್ತದೆ. ಹಳೆಯ ಮನೆಗೆ ಇದು ಆಗದ ಮಾತು. ಮೂವತ್ತು ನಲವತ್ತರ ಸೈಟಿನಲ್ಲಿ ಪಕ್ಕದವರ ಗೋಡೆ ಕೈಗೆ ಸಿಗುವಷ್ಟು ಹತ್ತಿರ ಇರುತ್ತದೆ, ಅಗೆಯುವುದೆಲ್ಲಿ? ಅಲ್ಲಿ ಒಳಗೇ ಗೋಡೆಯುದ್ದಕ್ಕೂ ನೆಲ ಕೊರೆದು ಅದೇ ಪೈಪು, ಅದೇ ಜಲ್ಲಿ ಹಾಕಿಸಬೇಕು. ನೂರು ಅಡಿಗೆ ಒಂದು ಅಡಿ ಇಳಿಜಾರು ಕೊಟ್ಟು, ಮೂಲೆಯ ಗುಂಡಿಗೆ ನೀರು ತಂದು, ಪಂಪಿನಿಂದ ಹೊರಗೆ ಎತ್ತಬೇಕು. ಗೋಡೆ ಸ್ವಲ್ಪ ತೇವವಾಗೇ ಇರುತ್ತದೆ, ಆದರೆ ನೆಲ ಒಣಗಿರುತ್ತದೆ. ನಾವು ಕೊನೆಗೆ ಒಪ್ಪಿಕೊಂಡದ್ದು ಇದನ್ನೇ.

ಪಂಪಿಗೆ ಫ್ಲೋಟ್ ಸ್ವಿಚ್ ಇರಲಿ, ನೀರು ಏರಿದಾಗ ತಾನೇ ಓಡಬೇಕು. ಮಳೆ ಬಂದಾಗಲೇ ಕರೆಂಟು ಹೋಗುವುದು, ಅಲ್ವಾ? ಅದಕ್ಕೆ ಜನರೇಟರ್ ಅಥವಾ ಯುಪಿಎಸ್ ಬೇಕು. ಎತ್ತಿದ ನೀರನ್ನು ಸುಮ್ನೆ ಒಳಚರಂಡಿಗೆ ಬಿಡಬೇಡಿ, ಮಳೆನೀರಿನ ಚರಂಡಿಗೆ ಬಿಡಿ. ಒಳಚರಂಡಿ ತುಂಬಿದರೆ ಬೇಸ್‌ಮೆಂಟಿನ ಶೌಚಾಲಯದಲ್ಲೇ ಗಲೀಜು ಉಕ್ಕುತ್ತದೆ. ಮಳೆಕೊಯ್ಲಿನ ಇಂಗುಗುಂಡಿಯನ್ನೂ ಬೇಸ್‌ಮೆಂಟ್ ಗೋಡೆಗೆ ಅಂಟಿಸಿ ತೋಡಿಸಬೇಡಿ. ನಮ್ಮವರು ತೋಡಿಸಿದ್ದರು! ಒರತೆಗೆ ನಾವೇ ನೀರು ಉಣಿಸುತ್ತಿದ್ದೆವು.

2025ರ ಮೇ ತಿಂಗಳಲ್ಲಿ ಬಿಟಿಎಂ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ, ಮಳೆನೀರು ಹೊರಹಾಕುವಾಗ ವಿದ್ಯುತ್ ತಗುಲಿ ಇಬ್ಬರು ತೀರಿಕೊಂಡರು. ಒಬ್ಬ 12 ವರ್ಷದ ಹುಡುಗ. ನಿಮ್ಮ ಮೀಟರ್ ಬೋರ್ಡು, ಮೇನ್ ಸ್ವಿಚ್ಚು ಬೇಸ್‌ಮೆಂಟಿನಲ್ಲಿದ್ದರೆ ಮೊದಲು ಅದನ್ನು ಮೇಲಿನ ಮಹಡಿಗೆ ಸಾಗಿಸಿ. ಪೈಪು, ಜಲ್ಲಿ, ಪಂಪು ಎಲ್ಲ ಆಮೇಲೆ.

ನಮಸ್ಕಾರ.